ಶಾಲೆ ತೆರೆಯುವ ಮುನ್ನ ಪಾಲಕರಿಂದ ಏನು ಕೇಳಬೇಕು, ಏನು ಕೇಳಬಾರದು?

ಪ್ರಶ್ನೆ — ಸೇಡಂ ಕಡೆಯ ಪಾಲಕ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮೂರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಇಬ್ಬರು ಮಕ್ಕಳು ಓದುತ್ತಾರೆ. ಎರಡು ತಿಂಗಳ ಹಿಂದೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಗೆ, ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದಾರೆ. ಹೊಲದ ಕೆಲಸ ಗೊತ್ತಿರುವಷ್ಟು ಈ ಕೆಲಸ ನನಗೆ ಗೊತ್ತಿಲ್ಲ. ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ.

ಕಳೆದ ವರ್ಷದ ಒಂದು ಸಂಗತಿಯನ್ನು ಹೇಳಿ ಪ್ರಶ್ನೆಗೆ ಬರುತ್ತೇನೆ. ಮೇ ಕೊನೆಯ ವಾರ ಶಾಲಾ ಪ್ರಾರಂಭೋತ್ಸವವನ್ನು ನಮ್ಮಲ್ಲಿ ಜೋರಾಗಿಯೇ ಮಾಡಿದರು. ಬಾಗಿಲಿಗೆ ಮಾವಿನ ತೋರಣ, ಹೊಸ ಮಕ್ಕಳ ಕೈಗೆ ಗುಲಾಬಿ, ಮಧ್ಯಾಹ್ನದ ಊಟಕ್ಕೆ ಶಿರಾ; ಫೋಟೊಗಳೂ ಎಲ್ಲರ ಮೊಬೈಲಿಗೆ ಬಂದವು. ನಾಲ್ಕನೆಯ ದಿನ ನನ್ನ ಮಗಳು, ಮನೆಯಿಂದ ಒಯ್ದ ಬಾಟಲಿ ಖಾಲಿಯಾದ ಮೇಲೆ ಶಾಲೆಯ ನಳದ ನೀರನ್ನು ಬಾಯಿಗೆ ಹಚ್ಚದೆ, ಒಣಗಿದ ಮುಖ ಹೊತ್ತು ಮನೆಗೆ ಬಂದಳು. ಮಾಳಿಗೆ ಹತ್ತಿ ನೋಡಿದರೆ ಬೇಸಿಗೆಯ ಗಾಳಿಗೆ ಟ್ಯಾಂಕಿನ ಮುಚ್ಚಳ ಹಾರಿಹೋಗಿತ್ತು. ತಳದಲ್ಲಿ ಗೇಣುದ್ದ ಕೆಸರು ಕೂತಿತ್ತು, ನೀರಿನ ಮೇಲೆ ಸತ್ತ ಹಲ್ಲಿಯೊಂದು ತೇಲುತ್ತಿತ್ತು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂಬುದೂ ಅಂದೇ ತಿಳಿಯಿತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳಬೇಕು, ಜೊತೆಗೆ ಬರುವವರು ಯಾರೂ ಇಲ್ಲದ ದಿನ ಹೋಗುವಂತಿಲ್ಲ.

ಈ ವರ್ಷ ಹಾಗಾಗಬಾರದೆಂದು ಏಪ್ರಿಲ್ ಮೂರನೆಯ ವಾರವೇ ಪಾಲಕರ ಸಭೆ ಕರೆದೆ. 140 ಮಕ್ಕಳಿರುವ ಶಾಲೆಗೆ 11 ಮಂದಿ ಬಂದರು, ಅವರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಸುಣ್ಣಬಣ್ಣ, ಟ್ಯಾಂಕು, ವರಾಂಡದ ಒಡೆದ ಪರಸಿ ಕಲ್ಲು, ಇವಕ್ಕೆಲ್ಲ ಮನೆಗೆ ಇಷ್ಟೆಂದು ಪಟ್ಟಿ ಎತ್ತೋಣವೆಂದು ನಾನು ಹೇಳುತ್ತಿದ್ದಂತೆ ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತು, ಹೋದ ವರ್ಷ ಕೊಟ್ಟ ನೂರು ರೂಪಾಯಿಯ ಲೆಕ್ಕವನ್ನೇ ಯಾರೂ ಹೇಳಿಲ್ಲ, ಈಗ ಮತ್ತೆ ಯಾವ ಮುಖದಿಂದ ಕೇಳುತ್ತೀರಿ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಸಭೆ ಅಲ್ಲಿಗೇ ಮುಗಿಯಿತು.

ಶಾಲೆ ತೆರೆಯಲು ಇನ್ನು ಮೂರು ವಾರವಿದೆ. ಪಾಲಕರಿಂದ ಹಣ ಕೇಳುವುದು ಸರಿಯೇ? ಶ್ರಮದಾನ ಕೇಳಿದರೆ ಬರುತ್ತಾರೆಯೇ? ಯಾವುದನ್ನು ನಾವು ಮಾಡಿಕೊಳ್ಳಬೇಕು, ಯಾವುದನ್ನು ಪಂಚಾಯಿತಿಯಿಂದಲೋ ಇಲಾಖೆಯಿಂದಲೋ ಮಾಡಿಸಿಕೊಳ್ಳಬೇಕು? ಅನುಭವದಿಂದ ಹೇಳಿದರೆ ಉಪಕಾರವಾದೀತು.

ಉತ್ತರ 1 — ನಿವೃತ್ತ ಮುಖ್ಯ ಗುರು, ಬೀದರ್ ಜಿಲ್ಲೆ

ಅಧ್ಯಕ್ಷರಿಗೆ ನಮಸ್ಕಾರ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಲ್ಲಿ 31 ವರ್ಷ ಮಾಸ್ತರಿಕೆ ಮಾಡಿದವನು ನಾನು. ಅದರಲ್ಲಿ ಕೊನೆಯ 12 ವರ್ಷ ಮುಖ್ಯ ಗುರುವಾಗಿ, ಎಸ್‌ಡಿಎಂಸಿಯ ಕಾರ್ಯದರ್ಶಿಯ ಜಾಗದಲ್ಲಿ ಕೂತಿದ್ದೆ. ನಿಮ್ಮ ಸಭೆಯಲ್ಲಿ ಎದ್ದು ನಿಂತ ಆ ಹಿರಿಯರು ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಹಳೆಯ ಲೆಕ್ಕ ಹೇಳದೆ ಹೊಸ ಕೆಲಸಕ್ಕೆ ಕರೆದರೆ ನಮ್ಮ ಭಾಗದ ಜನ ಎದುರು ಮಾತಾಡುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ. ಅವರೊಬ್ಬರು ಬಂದು ಬಾಯಿಬಿಟ್ಟು ಕೇಳಿದ್ದಾರೆ. ಮೊದಲು ಅದಕ್ಕೆ ಉತ್ತರ ಕೊಡಿ. ಹೋದ ವರ್ಷ ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ಹಳೆಯ ಸಮಿತಿಯವರಿಂದಲೂ ಮುಖ್ಯ ಗುರುಗಳಿಂದಲೂ ಬರೆಯಿಸಿಕೊಂಡು, ದೊಡ್ಡ ಅಕ್ಷರದಲ್ಲಿ ಶಾಲೆಯ ಹೊರಗೋಡೆಗೆ ಅಂಟಿಸಿ. ರಸೀದಿ ಇಲ್ಲದ ಮೊತ್ತವಿದ್ದರೆ ರಸೀದಿ ಇಲ್ಲ ಎಂದೇ ಬರೆಯಿರಿ. ಹಾಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ, ನನಗೂ ಒಂದು ವರ್ಷ ಒಪ್ಪಿರಲಿಲ್ಲ. ಬರೆದ ಮೇಲೆ ಮುಂದಿನ ಸಭೆಗೆ ಜನ ಬಂದರು.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಪಟ್ಟಿ ಎತ್ತಬೇಡಿ. ಸರಕಾರಿ ಶಾಲೆಯಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. 2022ರ ಅಕ್ಟೋಬರ್‌ನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿಯನ್ನು ಸ್ವ-ಇಚ್ಛೆಯ ದೇಣಿಗೆಯಾಗಿ ಪಡೆಯಬಹುದೆಂದು ಎಸ್‌ಡಿಎಂಸಿಗಳಿಗೆ ಒಂದು ಸುತ್ತೋಲೆ ಬಂದಿತ್ತು; ಎಲ್ಲ ಕಡೆಯಿಂದ ಆಕ್ಷೇಪ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದರು. ಸುತ್ತೋಲೆಯಲ್ಲಿ ಸ್ವ-ಇಚ್ಛೆ ಎಂದು ಎಷ್ಟು ಸಲ ಬರೆದರೂ, ಊರಿನಲ್ಲಿ ಮನೆಮನೆಗೆ ಪುಸ್ತಕ ಹಿಡಿದು ಹೋದಾಗ ಅದು ಜಾತ್ರೆಯ ಪಟ್ಟಿಯೇ ಆಗುತ್ತದೆ. ಕೊಡಲಾಗದವನು ತನ್ನ ಮಗುವನ್ನು ಶಾಲೆಗೆ ಬಿಡಲು ಬಂದಾಗ ಅಂಗಳದ ಹೊರಗೇ ನಿಂತು ಹಿಂತಿರುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾನಾಗಿ ಬಂದು ಫ್ಯಾನು, ಗಡಿಯಾರ ಕೊಡುವವರಿಂದ ಸಂತೋಷವಾಗಿ ತೆಗೆದುಕೊಳ್ಳಿ, ದಾಸ್ತಾನು ಪುಸ್ತಕದಲ್ಲಿ ಬರೆಯಿರಿ. ಅದರಾಚೆ ಬೇಡ.

ಹಾಗಾದರೆ ಸಣ್ಣ ದುರಸ್ತಿಗೆ ಹಣವೆಲ್ಲಿ ಎಂದು ಕೇಳುವಿರಿ. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಪ್ರತಿ ಶಾಲೆಗೂ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲಾ ಅನುದಾನವಿದೆ: 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ, 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲನ್ನು ಸ್ವಚ್ಛತೆಗೆ ಇಡಬೇಕೆಂಬುದು ಮಾರ್ಗಸೂಚಿಯ ಮಾತು. ನಿಮ್ಮದು 140 ಮಕ್ಕಳ ಶಾಲೆಯಾದ್ದರಿಂದ ಎರಡನೆಯ ಸಾಲಿಗೆ ಬರುತ್ತದೆ. ಹಣ ಕಂತಿನಲ್ಲಿ ಬರುತ್ತದೆ, ತಡವಾಗಿಯೂ ಬರುತ್ತದೆ. ಆದರೂ ಖಾತೆಯಲ್ಲಿ ಎಷ್ಟಿದೆ ಎಂದು ಪಾಸ್‌ಬುಕ್ ತೆರೆಸಿ ನೋಡುವ ಹಕ್ಕು ಸಮಿತಿಗೆ ಇದೆ. ಸರಕಾರದಿಂದ ಬರುವ ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಸಮಿತಿಯ ಕೆಲಸವೆಂದು ಕಾಯ್ದೆಯ 21ನೆಯ ಕಲಮಿನಲ್ಲಿಯೇ ಬರೆದಿದೆ. ಎಸ್‌ಡಿಎಂಸಿ ಹುಟ್ಟಿದ್ದು ಆ ಕಾಯ್ದೆಗಿಂತ ಮೊದಲು, 2001ರಲ್ಲಿ. ಆಗಿನಿಂದಲೂ ಅದರ ಹೆಸರಿನಲ್ಲಿ ಮೇಲುಸ್ತುವಾರಿ ಎಂಬ ಮಾತಿದೆ. ಆ ಮಾತನ್ನು ಮುಖ್ಯ ಗುರುಗಳಾದ ನಾವೂ, ಅಧ್ಯಕ್ಷರಾದ ನೀವೂ ಅಷ್ಟಾಗಿ ಓದುವುದಿಲ್ಲ.

ಇನ್ನು ಸಭೆಯ ಬದಲು ಏನು ಮಾಡಬಹುದೆಂದು ಹೇಳುತ್ತೇನೆ. ಔರಾದ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾವು ಸಭೆ ಬಿಟ್ಟು ಸುತ್ತಾಟ ಮಾಡಿದೆವು. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಆರೂವರೆಗೆ, ಬಿಸಿಲು ಏರುವ ಮೊದಲು, ಬಂದಷ್ಟು ಪಾಲಕರನ್ನು ಕರೆದುಕೊಂಡು ಶಾಲೆಯ ಒಂದೊಂದು ಕೋಣೆಗೂ ಹೋದೆವು. ಕೈಯಲ್ಲಿ ಬಣ್ಣದ ಸೀಮೆಸುಣ್ಣ. ಕಾಲು ಅಲುಗಾಡುವ ಬೆಂಚು, ಬಾಯಿ ಬಿಟ್ಟ ಸ್ವಿಚ್ ಬೋರ್ಡು, ಸೋರಿದ ಗುರುತಿರುವ ಚಾವಣಿ, ಕಿಟಕಿಯ ಮುರಿದ ಕೊಂಡಿ, ಹೀಗೆ ಯಾರ ಕಣ್ಣಿಗೆ ಏನು ಬಿತ್ತೋ ಅವರೇ ಅದರ ಮೇಲೆ ಒಂದು ಸುತ್ತು ಹಾಕಬೇಕು, ಸಂಖ್ಯೆ ಬರೆಯಬೇಕು. ಅಕ್ಷರ ಬಾರದ ಒಬ್ಬ ತಾಯಿ ನಾವ್ಯಾರೂ ನೋಡದಿದ್ದ ಒಂದು ಸಂಗತಿಯನ್ನು ತೋರಿಸಿದರು: ಕೈ ತೊಳೆಯುವ ನಳಗಳನ್ನೆಲ್ಲ ದೊಡ್ಡವರ ಎತ್ತರಕ್ಕೆ ಕೂರಿಸಿದ್ದರು, ಒಂದನೆಯ ತರಗತಿಯ ಮಗುವಿಗೆ ಕೈ ನಿಲುಕುತ್ತಿರಲಿಲ್ಲ. ಒಂದು ಗಂಟೆಯಲ್ಲಿ 37 ಸುತ್ತುಗಳಾದವು. ಅವುಗಳಲ್ಲಿ ಹಣ ಬೇಡದ ಕೆಲಸ ಎಷ್ಟು, ಅನುದಾನದಲ್ಲಿ ಆಗುವುದೆಷ್ಟು, ಪಂಚಾಯಿತಿಗೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೋ ಬರೆಯಬೇಕಾದದ್ದೆಷ್ಟು ಎಂದು ಅಲ್ಲೇ ನೆಲದ ಮೇಲೆ ಕೂತು ಬೇರ್ಪಡಿಸಿದೆವು. ಠರಾವು ಪುಸ್ತಕದಲ್ಲಿ ಬರೆದು, ಬಂದವರೆಲ್ಲರ ಸಹಿ ಹಾಗೂ ಹೆಬ್ಬೆಟ್ಟು ತೆಗೆದುಕೊಂಡೆವು.

ಕಚೇರಿಗೆ ಅರ್ಜಿ ಕೊಡುವಾಗ ಒಂದು ಪ್ರತಿಯ ಮೇಲೆ ಆವಕ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಊಟ ಮಾಡಿಕೊಂಡು ಹೊರಟರೆ ಬೀಗ ನೋಡಿ ಬರಬೇಕಾಗುತ್ತದೆ.

ಕೊನೆಯದಾಗಿ, ನೀವು ಸಭೆಯನ್ನು ಎಲ್ಲಿ ಕರೆದಿರಿ ಎಂದು ಬರೆದಿಲ್ಲ. ಗುಡಿಯ ಕಟ್ಟೆಯ ಮೇಲೆ ಕರೆದಿದ್ದರೆ ಯಾವ ಓಣಿಯವರು ಬರಲಿಲ್ಲ, ಏಕೆ ಬರಲಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಶಾಲೆಯ ಅಂಗಳ ಎಲ್ಲರದು. ಅಲ್ಲಿಯೇ ಕರೆಯಿರಿ.

ಉತ್ತರ 2 — ತಾಂಡಾದ ತಾಯಿ, ಸುರಪುರ ತಾಲ್ಲೂಕು

ಗುರುಗಳ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಕಡೆ ಅವರೂ ನೀವೂ ಗೋಡೆ, ನಳ, ಬೆಂಚುಗಳಲ್ಲಿಯೇ ಉಳಿದಿದ್ದೀರಿ. ಶಾಲೆ ಸಿದ್ಧವಾಗುವುದೆಂದರೆ ಕಟ್ಟಡ ಸಿದ್ಧವಾಗುವುದಷ್ಟೇ ಅಲ್ಲ, ಮಕ್ಕಳು ಊರಿನಲ್ಲಿ ಇರಬೇಕು. ಯಾದಗಿರಿ ಜಿಲ್ಲೆಯ ನಮ್ಮ ತಾಂಡಾದಿಂದ ದೀಪಾವಳಿ ಮುಗಿಯುತ್ತಿದ್ದಂತೆ ಕುಟುಂಬಗಳು ಕಬ್ಬು ಕಡಿಯಲು, ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಕೆಲವರು ಯುಗಾದಿಗೆ ಬರುತ್ತಾರೆ, ಕೆಲವರು ಮೃಗಶಿರಾ ಮಳೆ ಬಿದ್ದು ಬಿತ್ತನೆಗೆ ಹೊಲ ಕರೆದಾಗ ಬರುತ್ತಾರೆ. ಶಾಲೆ ತೆರೆಯುವ ಮೇ ಕೊನೆಯ ವಾರದಲ್ಲಿ ಅರ್ಧ ಮಕ್ಕಳು ಇನ್ನೂ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿರುತ್ತಾರೆ. ದಾಖಲಾತಿ ಆಂದೋಲನದ ಮೆರವಣಿಗೆ ಆಗ ಬೀಗ ಹಾಕಿದ ಮನೆಗಳ ಮುಂದೆ ಹಾದುಹೋಗುತ್ತದೆ.

ಎರಡು ವರ್ಷಗಳಿಂದ ನಾವು ನಾಲ್ವರು ಹೆಣ್ಣುಮಕ್ಕಳು ಮೇ ಮೊದಲ ವಾರದಲ್ಲಿಯೇ ಮನೆಮನೆಯ ಪಟ್ಟಿ ಮಾಡುತ್ತೇವೆ. ಇದು ಹಣದ ಪಟ್ಟಿಯಲ್ಲ, ಮಕ್ಕಳ ಪಟ್ಟಿ: ಯಾರ ಮನೆಯಲ್ಲಿ ಆರು ತುಂಬಿದ ಮಗುವಿದೆ, ಯಾರು ಎಲ್ಲಿಗೆ ಹೋಗಿದ್ದಾರೆ, ಅವರಿಗೆ ಫೋನು ಮಾಡುವವರು ಯಾರು, ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು ಯಾರು. ಫೋನಿನಲ್ಲಿ ಮಾಸ್ತರರು ಮಾತಾಡಿದರೆ ಹೂಂ ಅನ್ನುತ್ತಾರೆ, ನಾವು ನಮ್ಮ ಲಂಬಾಣಿ ಮಾತಾದ ಗೋರ್‌ಬೋಲಿಯಲ್ಲಿ ಮಾತಾಡಿದರೆ ನಿಜವಾದ ಕಷ್ಟ ಹೇಳುತ್ತಾರೆ. ಹೋದ ವರ್ಷ ಒಬ್ಬಾಕೆ ಹೇಳಿದ್ದು ಇಷ್ಟೇ: ಮಗನನ್ನು ಪುಣೆಯ ಶಾಲೆಯೊಂದಕ್ಕೆ ಹಾಕಿದ್ದೆವು, ಅಲ್ಲಿಂದ ವರ್ಗಾವಣೆ ಪತ್ರ ತಂದಿಲ್ಲ, ಇಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು ಮನೆಯಲ್ಲಿಯೇ ಇಟ್ಟುಕೊಂಡಿದ್ದೇವೆ. ಆ ಹುಡುಗ ಎಂಟು ತಿಂಗಳು ಕುರಿ ಕಾಯ್ದಿದ್ದ.

ಆದ್ದರಿಂದ ಸಭೆಯಲ್ಲಿ ಒಂದು ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿ. ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ಹಿಂದೆ ಕಳಿಸುವಂತಿಲ್ಲ, ಜೂನ್ ದಾಟಿದ ಮೇಲೆ ಬಂದರೂ ಇಲ್ಲವೆನ್ನುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು. ಇವೆಲ್ಲ ಶಿಕ್ಷಣ ಹಕ್ಕು ಕಾಯ್ದೆಯಲ್ಲಿವೆ. ನಾನು ಇದನ್ನು ತರಬೇತಿಯೊಂದರಲ್ಲಿ ಕಲಿತೆ. ಅದಕ್ಕೂ ಮೊದಲು ಮೂರು ವರ್ಷ ಸದಸ್ಯೆಯಾಗಿದ್ದೆ, ಯಾರೂ ಹೇಳಿರಲಿಲ್ಲ.

ಹೆಣ್ಣುಮಕ್ಕಳು ಇಬ್ಬರೇ ಬಂದರೆಂದು ಬರೆದಿದ್ದೀರಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ನಮ್ಮಲ್ಲಿಯೂ ಕಾಗದದ ಮೇಲೆ ಅರ್ಧ ಇದ್ದೆವು, ಸಹಿ ಮಾಡಲು ಮಾತ್ರ ಗಂಡಂದಿರು ಹೋಗುತ್ತಿದ್ದರು. ಅದು ಬದಲಾದದ್ದು ಅಡುಗೆ ಕೋಣೆಯಿಂದ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ಉತ್ತರದ 7 ಜಿಲ್ಲೆಗಳಲ್ಲಿ. ಆಗ ಯಾದಗಿರಿ ಗುಲ್ಬರ್ಗ ಜಿಲ್ಲೆಯೊಳಗೆ ಇತ್ತು, ನಾನು ಮೂರನೆಯ ತರಗತಿಯಲ್ಲಿದ್ದೆ, ಮೊದಲ ದಿನ ತಾಟು ಹಿಡಿದು ಕೂತ ಸಾಲು ನನಗೆ ಇಂದಿಗೂ ನೆನಪಿದೆ. ಈಗ ಶಾಲೆ ತೆರೆಯುವ ಮೂರು ದಿನ ಮುಂಚೆ ನಾವು ತಾಯಂದಿರು ಅಡುಗೆ ಕೋಣೆ ತೆರೆಸುತ್ತೇವೆ. ಬೇಸಿಗೆಗೆ ಮುಂಚೆ ಉಳಿದ ಅಕ್ಕಿಯ ಚೀಲವನ್ನು ಬಿಚ್ಚಿ ಮೊರದಲ್ಲಿ ಕೇರುತ್ತೇವೆ. ಬೇಳೆಯಲ್ಲಿ ಕೈಯಾಡಿಸಿದಾಗ ಬೆರಳಿಗೆ ಹಿಟ್ಟು ಹತ್ತಿದರೆ ನುಸಿ ಹಿಡಿದಿದೆ ಎಂದರ್ಥ, ಅದನ್ನು ಬೇರೆ ಇಟ್ಟು, ಬರೆದು ಕಳಿಸುತ್ತೇವೆ. ಗ್ಯಾಸಿನ ಪೈಪನ್ನು ಬಗ್ಗಿಸಿ ನೋಡುತ್ತೇವೆ, ಸೀಳು ಕಂಡರೆ ಒಲೆ ಹಚ್ಚಲು ಬಿಡುವುದಿಲ್ಲ. ಸೀಳು ಇಲ್ಲದಿದ್ದರೂ ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆಯಲ್ಲ, ಅದಕ್ಕೆ ದಿನಕ್ಕೆ ಒಬ್ಬ ತಾಯಿಯಂತೆ ಪಾಳಿ ಹಚ್ಚಿದ್ದೇವೆ. ಪಾಳಿಗೆ ಬಂದವಳು ಸಹಿ ಮಾಡುತ್ತಾಳೆ, ಸಹಿ ಮಾಡಿದವಳು ಸಭೆಗೂ ಬರುತ್ತಾಳೆ.

ಶ್ರಮದಾನದ ಬಗ್ಗೆ ನನ್ನದು ಬೇರೆ ಮಾತು. ಹೊಲವಿದ್ದವರಿಗೆ ಅದು ದಾನ. ಕೂಲಿಯವರಿಗೆ ಅದು ಒಂದು ದಿನದ ಅನ್ನ. ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಗಿಯುವ ಕೆಲಸವನ್ನಷ್ಟೇ ಕೇಳಿ.

ಉತ್ತರ 3 — ಗ್ರಾಮ ಪಂಚಾಯಿತಿ ಮಾಜಿ ಸದಸ್ಯ, ಆಳಂದ ತಾಲ್ಲೂಕು

ತಾಯಿಯವರು ಹೇಳಿದ ಕೂಲಿಯ ಮಾತು ಸರಿ. ಆದರೂ ಶ್ರಮದಾನವನ್ನು ಪೂರ್ತಿ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ತಾನು ಕಲ್ಲು ಕೂರಿಸಿದ ಅಂಗಳದಲ್ಲಿ ಮಗ ಆಡುವುದನ್ನು ನೋಡಿದವನು ಆ ಶಾಲೆಯನ್ನು ಬೇಗ ಬಿಡಿಸುವುದಿಲ್ಲ. ಕಸ ತೆಗೆಯುವುದು, ಮುಳ್ಳುಕಂಟಿ ಕಡಿಯುವುದು, ಗಿಡಕ್ಕೆ ಪಾತಿ ಮಾಡುವುದು ದಾನವಾಗಿ ಆಗಲಿ. ಪರಸಿ ಕೂರಿಸುವುದು, ಪ್ಲಂಬಿಂಗು, ಬಾಗಿಲು ರಿಪೇರಿ, ಇವನ್ನು ಪಾಲಕರಲ್ಲಿಯೇ ಇರುವ ಕಸಬುದಾರರಿಗೆ ಕೂಲಿ ಕೊಟ್ಟು ಅನುದಾನದಿಂದ ಮಾಡಿಸಿ. ನಿಮ್ಮ ಸೇಡಂ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಕೊರತೆಯಿಲ್ಲ. ವಿದ್ಯುತ್ತಿನ ಕೆಲಸಕ್ಕೆ ಮಾತ್ರ ಯಾವ ಉತ್ಸಾಹಿಯನ್ನೂ ಕೈಹಾಕಲು ಬಿಡಬೇಡಿ. ಮತ್ತು ಯಾವ ಕಾರಣಕ್ಕೂ ಮಕ್ಕಳ ಕೈಯಿಂದ ಶೌಚಾಲಯ ತೊಳೆಸಬಾರದು, ಟ್ಯಾಂಕಿಗೆ ಇಳಿಸಬಾರದು.

ಟ್ಯಾಂಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪೌಡರು ಸುರಿದರೆ ಆಯಿತೆಂದು ತಿಳಿದವರೇ ಹೆಚ್ಚು. ಕೆಸರಿರುವ ಟ್ಯಾಂಕಿಗೆ ಬ್ಲೀಚಿಂಗ್ ಪೌಡರು ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಹೋಗುತ್ತದೆ. ಮೊದಲು ನೀರು ಪೂರ್ತಿ ಖಾಲಿ ಮಾಡಿ, ತಳ ಹಾಗೂ ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿ, ಎರಡು ಸಲ ತೊಳೆದು ಆ ನೀರನ್ನು ಹೊರಗೆ ಬಿಡಬೇಕು. ಆಮೇಲೆ ತುಂಬಿಸಿದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರು ಸಾಕು, ಅಂದರೆ ಚಹಾದ ಚಮಚದ ಅರ್ಧಕ್ಕಿಂತ ತುಸು ಹೆಚ್ಚು. ಪೌಡರನ್ನು ನೇರವಾಗಿ ಹಾಕದೆ, ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಒಂದು ಗಂಟೆ ಕಳೆದ ಮೇಲೆ ಕುಡಿಯಲು ಬಿಡಿ. ಹೋದ ವರ್ಷ ಒಡೆದಿಟ್ಟ ಪ್ಯಾಕೆಟ್ಟಿನ ಪೌಡರು ಗಾಳಿಗೆ ಸತ್ವ ಕಳೆದುಕೊಂಡಿರುತ್ತದೆ, ಅದು ಬೇಡ. ಮುಚ್ಚಳಕ್ಕೆ ತಂತಿ ಬಿಗಿಯಿರಿ, ಇಲ್ಲದಿದ್ದರೆ ಮೊದಲ ಬಿರುಗಾಳಿಗೆ ಅದು ಮತ್ತೆ ಹೊಲದಲ್ಲಿ ಸಿಗುತ್ತದೆ.

ಇದರಿಂದ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನಮ್ಮ ಭಾಗದ ಕೊಳವೆಬಾವಿಗಳಲ್ಲಿ ಅದರದೇ ಭಯ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ತಡೆದುಕೊಳ್ಳಬಹುದೆಂಬುದು ಮಾನಕ. ಜಲ ಜೀವನ ಮಿಷನ್ನಿನಲ್ಲಿ ಊರಿನ ನೀರನ್ನು ಊರಿನಲ್ಲಿಯೇ ಪರೀಕ್ಷಿಸುವ ಕಿಟ್ಟುಗಳನ್ನು ಕೊಟ್ಟು, ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ಪಂಚಾಯಿತಿಯ ಕಪಾಟಿನಲ್ಲಿ ಆ ಕಿಟ್ಟು ಇದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ, ಶಾಲೆಯ ನೀರನ್ನೇ ಮೊದಲು ಪರೀಕ್ಷೆಗೆ ಇಡಿಸಿ.

ದೊಡ್ಡ ಕೆಲಸಗಳ ವಿಷಯಕ್ಕೆ ಬಂದರೆ, ಮೇ ತಿಂಗಳಲ್ಲಿ ಕೇಳಿದ ಕಾಂಪೌಂಡು ಜೂನಿನಲ್ಲಿ ಏಳುವುದಿಲ್ಲ. ಉದ್ಯೋಗ ಖಾತರಿಯಲ್ಲಿ ಹಿಂದಿನ ವರ್ಷಗಳಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಶೌಚಾಲಯ, ಆಟದ ಮೈದಾನ ಆಗಿವೆ. ಅವೆಲ್ಲ ಹಿಂದಿನ ವರ್ಷವೇ ಪಂಚಾಯಿತಿಯ ಯೋಜನೆಯಲ್ಲಿ ಸೇರಿದ್ದವು. ಅಕ್ಟೋಬರ್ 2ರಿಂದ ಆರಂಭವಾಗುವ ಗ್ರಾಮಸಭೆಗಳಲ್ಲಿ ಮುಂದಿನ ವರ್ಷದ ಪಟ್ಟಿ ತಯಾರಾಗುತ್ತದೆ. ಆ ಸಭೆಗೆ ಶಾಲೆಯ ಪರವಾಗಿ ಬಂದವರನ್ನು ನಾನು ಐದು ವರ್ಷದಲ್ಲಿ ಎರಡೇ ಸಲ ನೋಡಿದ್ದೇನೆ. ಎರಡು ಸಲವೂ ಅವರ ಕೆಲಸವಾಯಿತು, ಏಕೆಂದರೆ ಚರಂಡಿಗೆ ಹತ್ತು ಮಂದಿ ಜಗಳವಾಡುವಾಗ ಶಾಲೆಗೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಮಕ್ಕಳ ಗ್ರಾಮಸಭೆಯೂ ಇದೆ; ಚಿಲಕದ ಮಾತನ್ನು ನಿಮ್ಮ ಮಗಳೇ ಅಲ್ಲಿ ಎದ್ದು ಹೇಳಲಿ. ಸದ್ಯಕ್ಕೆ ಚಿಲಕವನ್ನು ಸೇಡಂ ಸಂತೆಯಿಂದ ತಂದು ನೀವೇ ಹೊಡೆಯಿರಿ, ಅದಕ್ಕೆ ಅರ್ಜಿ ಬರೆಯುತ್ತ ಕೂಡಬೇಡಿ.

ಪ್ರಶ್ನೆ ಕೇಳಿದವರಿಂದ — ಸೇಡಂ ಕಡೆಯ ಪಾಲಕ

ಮೂವರಿಗೂ ನಮಸ್ಕಾರ. ಗುರುಗಳು ಊಹಿಸಿದ್ದು ನಿಜ, ಸಭೆ ಗುಡಿಯ ಕಟ್ಟೆಯ ಮೇಲೆಯೇ ಆಗಿತ್ತು. ಅಲ್ಲಿ ನೆರಳಿದೆ ಎಂಬ ಒಂದೇ ಕಾರಣಕ್ಕೆ ಕರೆದಿದ್ದೆ. ಅದರಿಂದ ಯಾರು ಹೊರಗುಳಿದರೆಂದು ಯೋಚಿಸಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ಹಳೆಯ ಲೆಕ್ಕವನ್ನು ಬರೆಯಿಸಿದೆ. ಹೋದ ವರ್ಷ 8,200 ರೂಪಾಯಿ ಸೇರಿತ್ತು. ಅದರಲ್ಲಿ 5,900ಕ್ಕೆ ಬಣ್ಣ, ಶಾಮಿಯಾನ, ಹೂವಿನ ರಸೀದಿಗಳಿವೆ, ಉಳಿದದ್ದಕ್ಕೆ ಇಲ್ಲ. ಹಾಗೆಯೇ ಬರೆದು ಗೋಡೆಗೆ ಅಂಟಿಸಿದ್ದೇನೆ. ಹಿಂದಿನ ಸಮಿತಿಯವರೊಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಸಭೆಯಲ್ಲಿ ಎದ್ದು ನಿಂತ ಹಿರಿಯರು ಮಾತ್ರ ಮನೆಗೆ ಬಂದು ಚಹಾ ಕುಡಿದು ಹೋದರು. ಅವರು ಗಣಿಯಲ್ಲಿ 40 ವರ್ಷ ಕಲ್ಲು ಸೀಳಿದವರೆಂದು ನನಗೆ ಆಗಲೇ ತಿಳಿದದ್ದು. ವರಾಂಡದ ಆರು ಪರಸಿಗಳನ್ನು ಎರಡು ಬೆಳಿಗ್ಗೆಯಲ್ಲಿ ಕೂರಿಸಿಕೊಡುತ್ತಾರಂತೆ. ಕೂಲಿ ಬೇಡವೆಂದರು, ನಾನು ಕೊಡುತ್ತೇನೆಂದೆ, ಅದಿನ್ನೂ ತೀರ್ಮಾನವಾಗಿಲ್ಲ. ಚಿಲಕ ತಂದಾಗಿದೆ. ಹೊಡೆಯುವಾಗ ಮಗಳು ಪಕ್ಕದಲ್ಲಿಯೇ ನಿಂತು, ಸಣ್ಣ ಹುಡುಗಿಯರಿಗೂ ನಿಲುಕಬೇಕು ಎಂದು ಬೆರಳಿಟ್ಟು ಜಾಗ ತೋರಿಸಿದಳು. ನಾನು ಹಿಡಿದಿದ್ದ ಎತ್ತರಕ್ಕಿಂತ ಅದು ಒಂದು ಮೊಳ ಕೆಳಗಿತ್ತು.

ಒಂದೇ ಸಂಶಯ ಉಳಿದಿದೆ. ರಜೆಯಲ್ಲಿ ಶಾಲೆಯ ಕೀಲಿ ಕೈ ಯಾರ ಹತ್ತಿರ ಇರಬೇಕು? ನಮ್ಮಲ್ಲಿ ಅದು ಮದುವೆಗೆ ಅಂಗಳ ಕೇಳಿದವರ ಕೈಯಿಂದ ಕೈಗೆ ಹೋಗಿ, ಈಗ ಎಲ್ಲಿದೆಯೆಂದು ಹುಡುಕಬೇಕಾಗಿದೆ.

ಉತ್ತರ 4 — ನಿವೃತ್ತ ಮುಖ್ಯ ಗುರು, ಬೀದರ್ ಜಿಲ್ಲೆ

ಶಾಲೆಯ ಹೊಣೆ ಮುಖ್ಯ ಗುರುಗಳದು, ಆದ್ದರಿಂದ ಒಂದು ಕೀಲಿ ಕೈ ಅವರ ಹತ್ತಿರವೇ ಇರಬೇಕು. ಅವರು ಬೇರೆ ಊರಿನವರಾಗಿದ್ದರೆ ಇನ್ನೊಂದನ್ನು ಸಮಿತಿಯಲ್ಲಿ ಠರಾವು ಮಾಡಿ, ಹೆಸರು ಬರೆದು, ಸಹಿ ಪಡೆದು ಒಬ್ಬರಿಗೆ ಕೊಡಿ. ನನ್ನ ಶಾಲೆಯಲ್ಲಿ ಅಡುಗೆಯ ಅಕ್ಕನವರ ಹತ್ತಿರ ಇರುತ್ತಿತ್ತು. ಶಾಲೆಯ ಪಕ್ಕದಲ್ಲಿಯೇ ಅವರ ಮನೆ, ಮದುವೆಯವರು ಕೇಳಲು ಹೋದರೆ ಮೊದಲು ಶೌಚಾಲಯ ತೊಳೆದು ಕೊಡುವವರು ಯಾರೆಂದು ಹೆಸರು ಕೇಳುತ್ತಿದ್ದರು. ಹಳೆಯ ಕೀಲಿ ಕೈ ಸಿಗದಿದ್ದರೆ ಹುಡುಕುತ್ತ ದಿನ ಕಳೆಯಬೇಡಿ, ಬೀಗವನ್ನೇ ಬದಲಿಸಿ.

ಪ್ರಶ್ನೆ ಕೇಳಿದವರಿಂದ — ಸೇಡಂ ಕಡೆಯ ಪಾಲಕ

ಬೀಗ ಬದಲಿಸಿದೆವು. ಸೋಮವಾರ ಬೆಳಿಗ್ಗೆ ಆರೂವರೆಗೆ ಶಾಲೆಯ ಅಂಗಳದಲ್ಲಿ ಸುತ್ತಾಟವೆಂದು ಎಲ್ಲ ಓಣಿಗಳಲ್ಲಿ ಡಂಗುರ ಸಾರಿಸಿದ್ದೇನೆ. ಸೀಮೆಸುಣ್ಣದ ಡಬ್ಬಿ ಮಗಳ ಹತ್ತಿರ ಇದೆ.